ಒಂಬತ್ತು ಚದರ ಮೀಟರಿನಲ್ಲಿ ಕಂಪನಿಯ ಗುರುತು

ಬೆಂಗಳೂರಿನ ತುಮಕೂರು ರಸ್ತೆಯ ಮಾದಾವರದಲ್ಲಿ ಬಿಐಇಸಿ ಎಂಬ ವಸ್ತುಪ್ರದರ್ಶನ ಕೇಂದ್ರವಿದೆ. ಯಂತ್ರೋಪಕರಣ ತಯಾರಕರ ಸಂಘ ಐಎಂಟಿಎಂಎ 2007ರಲ್ಲಿ ಇದನ್ನು ಆರಂಭಿಸಿತು. ಯಂತ್ರಗಳ ದೊಡ್ಡ ಮೇಳ ಇಮ್‌ಟೆಕ್ಸ್ ಇಲ್ಲೇ ನಡೆಯುತ್ತದೆ. 2024ರ ನವೆಂಬರಿನಿಂದ ಮೆಟ್ರೊ ಕೂಡ ಮಾದಾವರಕ್ಕೆ ಬರುತ್ತಿದೆ. ಮೇಳ ನೋಡಲು ಹೋದವರ ಕಣ್ಣು ಯಂತ್ರಗಳ ಮೇಲಿರುತ್ತದೆ. ಅವು ಎದ್ದು ಕಾಣುವಂತೆ ಸ್ಟಾಲ್ ಕಟ್ಟುವವರ ಕಸುಬು ಗಮನಕ್ಕೆ ಬರುವುದು ಕಡಿಮೆ.

ಸಣ್ಣ ಉದ್ಯಮಿಗಳು ಸಾಮಾನ್ಯವಾಗಿ ಹಿಡಿಯುವುದು 'ಶೆಲ್ ಸ್ಕೀಮ್' ಸ್ಟಾಲ್. ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲ. ಅದರ ಮೂಲೆಯಲ್ಲಿ ನಿಲ್ಲುವ ಅಲ್ಯೂಮಿನಿಯಂ ಕಂಬಕ್ಕೆ ಎಂಟು ಮುಖ, ಒಂದೊಂದು ಮುಖಕ್ಕೂ ಒಂದೊಂದು ತೋಡು. ಅಡ್ಡಪಟ್ಟಿಯ ಕೊಕ್ಕೆಯನ್ನು ತೋಡಿಗೆ ಸಿಕ್ಕಿಸಿ, ಅಲೆನ್ ಕೀ ತಿರುಗಿಸಿದರೆ ಬಿಗಿ. ನಡುವೆ ಬಿಳಿ ಹಲಗೆ ಇಳಿಬಿಟ್ಟರೆ ಗೋಡೆ ಸಿದ್ಧ. ಮೊಳೆ ಬೇಡ, ಗಾರೆ ಬೇಡ. ಮೇಳ ಮುಗಿದ ಮೇಲೆ ಬಿಚ್ಚಿ ಮತ್ತೊಂದು ಊರಿಗೆ ಒಯ್ಯಬಹುದು. ದೊಡ್ಡ ಕಂಪನಿಗಳು ಖಾಲಿ ಜಾಗ ಪಡೆದು ಪ್ಲೈವುಡ್ಡಿನಲ್ಲಿ ತಮಗೆ ಬೇಕಾದಂತೆ ಕಟ್ಟಿಸುತ್ತವೆ. ಬಡಗಿ, ಪೇಂಟರ್, ಎಲೆಕ್ಟ್ರಿಷಿಯನ್ ಎಲ್ಲರೂ ರಾತ್ರಿ ನಿದ್ದೆಗೆಟ್ಟು, ಬಾಗಿಲು ತೆರೆಯುವ ಹೊತ್ತಿಗೆ ಅದನ್ನು ಮುಗಿಸಿಕೊಡುತ್ತಾರೆ.

ಕಟ್ಟುವುದು ಅರ್ಧ ಕೆಲಸ. ಏನನ್ನು ಎಲ್ಲಿ ಇಡಬೇಕೆಂಬುದೇ ನಿಜವಾದ ಜಾಣ್ಮೆ. ಕಂಪನಿಯ ಹೆಸರು ಜನರ ತಲೆಗಿಂತ ಮೇಲಿದ್ದರೆ ದೂರದಿಂದಲೂ ಕಾಣುತ್ತದೆ. ಏನು ಮಾಡುತ್ತೇವೆ ಎಂಬ ಒಂದೇ ಸಾಲು ಕಣ್ಣಿನ ಮಟ್ಟಕ್ಕಿರಬೇಕು. ಸೊಂಟದ ಕೆಳಗೆ ಬರೆದದ್ದು ಮೇಜು, ಕುರ್ಚಿ, ಕಾಲುಗಳ ಮರೆಗೆ ಹೋಗುತ್ತದೆ. ಗೇರ್‌ಬಾಕ್ಸ್ ತಯಾರಿಸುವವರು ಅದನ್ನು ಅಡ್ಡ ಸೀಳಿ, ಒಳಗಿನ ಹಲ್ಲುಗಳು ಕಾಣುವಂತೆ ದೀಪದ ಕೆಳಗಿಟ್ಟರೆ ಸಾಕು: ಬಲ್ಲವರು ನಿಂತು, ಬೆರಳಾಡಿಸಿ, ಪ್ರಶ್ನೆ ಕೇಳುತ್ತಾರೆ. ಗೋಡೆ ತುಂಬ ಅಚ್ಚು ಮಾಡಿಸಿದ ಉತ್ಪನ್ನಗಳ ಪಟ್ಟಿಗೆ ಆ ಶಕ್ತಿಯಿಲ್ಲ. ಸ್ಟಾಲಿನ ಬಾಗಿಲಿಗೆ ಅಡ್ಡಲಾಗಿ ಮೇಜು ಹಾಕಿದರಂತೂ ಬರುವವರನ್ನು ನಾವೇ ಹೊರಗೆ ನಿಲ್ಲಿಸಿದಂತೆ.

ಒಂದು ಮೇಳಕ್ಕೆಂದೇ ಕಟ್ಟಿದ ಮರದ ಸ್ಟಾಲ್ ಬಹುಪಾಲು ಕಸವಾಗುವುದು ಈ ಉದ್ಯಮದ ದೊಡ್ಡ ನಷ್ಟ. ಅದಕ್ಕೆ ಪರಿಹಾರವೂ ಈಗ ಸಿಕ್ಕಿದೆ. ಅಂಚಿಗೆ ಸಿಲಿಕೋನ್ ಪಟ್ಟಿ ಹೊಲಿದ ಮುದ್ರಿತ ಬಟ್ಟೆಯನ್ನು ಅಲ್ಯೂಮಿನಿಯಂ ಚೌಕಟ್ಟಿಗೆ ಎಳೆದು ಕೂರಿಸುತ್ತಾರೆ. ಮೇಳ ಮುಗಿದ ಮೇಲೆ ಮಡಚಿ ಚೀಲಕ್ಕೆ ಹಾಕಿಕೊಂಡರಾಯಿತು. ಮುಂದಿನ ಮೇಳಕ್ಕೂ ಅದೇ ನಡೆಯುತ್ತದೆ.

ಪೀಣ್ಯದ ಸಣ್ಣ ವರ್ಕ್‌ಶಾಪಿನವರು ದೊಡ್ಡವರ ಪಕ್ಕದಲ್ಲೇ ನಿಂತು ಖರೀದಿದಾರರ ಮುಖ ನೋಡಿ ಮಾತಾಡಬಲ್ಲ ಜಾಗವೆಂದರೆ ಮೇಳ. ಅರ್ಹ ಸಣ್ಣ ಉದ್ಯಮಗಳಿಗೆ ಸ್ಟಾಲ್ ಬಾಡಿಗೆಯಲ್ಲಿ ನೆರವು ಕೊಡುವ ಯೋಜನೆ ಕೇಂದ್ರದ ಎಂಎಸ್‌ಎಂಇ ಸಚಿವಾಲಯದಲ್ಲಿದೆ. ಅರ್ಜಿ ಹಾಕಲು ಹಿಂಜರಿಯಬೇಕಿಲ್ಲ. ಆದರೆ ಡಿಸೈನರ್ ಬಳಿ ಹೋಗುವ ಮುನ್ನ, ತಾವು ಮಾಡುವ ಕೆಲಸಗಳಲ್ಲಿ ಜನ ನೆನಪಿಡಬೇಕಾದದ್ದು ಯಾವುದೆಂದು ಮಾಲೀಕರೇ ತೀರ್ಮಾನಿಸಬೇಕು. ಆ ತೀರ್ಮಾನ ಗಟ್ಟಿಯಾಗಿದ್ದರೆ ಒಂಬತ್ತು ಚದರ ಮೀಟರ್ ಧಾರಾಳವಾಗಿ ಸಾಕು.