ತೊಗರಿ ಸಾಲಿನ ನಡುವೆ ಸೋಯಾ ಬಂದ ಬಗೆ

ಭಾದ್ರಪದ ಮಾಸದಲ್ಲಿ ಬಸವಕಲ್ಯಾಣದ ಬಳಿಯ ಸಸ್ತಾಪುರ ಬಂಗ್ಲಾದಿಂದ ಹುಮನಾಬಾದ್ ಕಡೆಗೆ ಹೋಗುವಾಗ ಹೆದ್ದಾರಿಯ ಎರಡೂ ಬದಿಗೆ ಒಂದೇ ನಮೂನೆಯ ಹೊಲಗಳು ಕಾಣುತ್ತವೆ. ನಾಲ್ಕಾರು ಸಾಲು ಸೋಯಾ, ಆಮೇಲೆ ಒಂದೆರಡು ಸಾಲು ತೊಗರಿ, ಮತ್ತೆ ಸೋಯಾ. ಸೋಯಾ ಆಗಲೇ ಕಾಯಿ ತುಂಬಿ ಹಳದಿಗೆ ತಿರುಗಿರುತ್ತದೆ. ತೊಗರಿ ಇನ್ನೂ ಹಚ್ಚ ಹಸಿರು. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವಾಗಲೂ ಅದು ನಿಂತೇ ಇರುತ್ತದೆ. ಒಂದೇ ಮಳೆಗೆ ಬಿತ್ತಿದ ಈ ಎರಡು ಬೆಳೆಗಳು ಹೊಲ ಬಿಟ್ಟ ಮೇಲೆ ಹಿಡಿಯುವ ದಾರಿ ಮಾತ್ರ ಬೇರೆ ಬೇರೆ. ಸೋಯಾದ ಭಾವವನ್ನು ಬ್ರೆಜಿಲ್‌ನ ಫಸಲೂ ಇಂಡೋನೇಷ್ಯಾದ ತಾಳೆ ಎಣ್ಣೆಯೂ ಏರಿಳಿಸುತ್ತವೆ. ತೊಗರಿಯ ಭಾವವನ್ನು ಹೆಚ್ಚಾಗಿ ದಿಲ್ಲಿಯ ಅಧಿಸೂಚನೆಗಳೇ ಏರಿಳಿಸುತ್ತವೆ. ಹುಮನಾಬಾದ್ ಎಪಿಎಂಸಿಯ ಅಡತ್ ಅಂಗಡಿಯ ಮುಂದೆ ನಿಂತು ‘ಸಾವ್ಕಾರ್ರೆ, ಇವತ್ತ ಭಾವ ಏನದ?’ ಎಂದು ಕೇಳುವ ರೈತನಿಗೆ ಸಿಗುವ ಉತ್ತರ ರೂಪುಗೊಂಡದ್ದು ಹೇಗೆ ಎಂದು ತಿಳಿಯಲು ಈ ಎರಡೂ ದಾರಿಗಳನ್ನು ನೋಡಬೇಕು.

ಒಂದೆರಡು ತಲೆಮಾರಿನ ಹಿಂದೆ ಇಲ್ಲಿ ಸೋಯಾ ಇರಲಿಲ್ಲ. ಮಿರಗ ಮಳೆ ಬಿದ್ದರೆ ಉದ್ದು, ಹೆಸರು, ತೊಗರಿ, ಎಳ್ಳು, ಮುಂಗಾರಿ ಜೋಳ. ಎರೆ ಭೂಮಿ ಇದ್ದವರು ಉದ್ದು, ಹೆಸರು ತೆಗೆದ ಮೇಲೆ ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆ ಬಿತ್ತುತ್ತಿದ್ದರು. ಬೇಳೆಕಾಳಿಗೂ ಈ ನೆಲಕ್ಕೂ ಇರುವ ನಂಟು ಬಹಳ ಹಳೆಯದು. ಇಂದಿನ ಬಸವಕಲ್ಯಾಣವಾದ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಅಡುಗೆಯ ಭಾಗದಲ್ಲಿ ಉದ್ದಿನಿಂದ ಮಾಡುವ ‘ಇಡರಿಕಾ’ ಎಂಬ ತಿನಿಸು ಬರುತ್ತದೆ. ಇಡ್ಲಿಯ ಚರಿತ್ರೆ ಬರೆಯುವವರೆಲ್ಲ ಅದನ್ನು ನೆನೆಯುತ್ತಾರೆ. ಆ ಉದ್ದು ಈಗ ಬಸವಕಲ್ಯಾಣದ ಹೊಲಗಳಲ್ಲಿ ಮೂಲೆಗೆ ಸರಿದಿದೆ.

ಸರಿಯಲು ಕಾರಣಗಳಿವೆ. ಉದ್ದು, ಹೆಸರು ಎಪ್ಪತ್ತು–ಎಂಬತ್ತು ದಿನದ ಬೆಳೆ. ಕಾಯಿ ಒಣಗುವ ಹೊತ್ತಿಗೆ ಮಘೆ, ಹುಬ್ಬ ಮಳೆಗಳು ಹಿಡಿದುಕೊಂಡರೆ ಕಾಳು ಗಿಡದಲ್ಲೇ ಮೊಳೆಯುತ್ತದೆ, ಇಲ್ಲವೇ ಕಪ್ಪಾಗುತ್ತದೆ. ಹಳದಿ ನಂಜು ರೋಗ ಬೇರೆ. ಕಾಯಿ ಬಿಡಿಸಲು ಕೈಯಾಳು ಬೇಕು, ಆಳಿನ ಕೂಲಿ ವರ್ಷ ವರ್ಷ ಏರುತ್ತಿದೆ. ಇಂಥ ಹೊತ್ತಿನಲ್ಲಿ ಉತ್ತರದಿಂದ ಸೋಯಾ ಬಂತು. 1960ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ನೆರವಿನಿಂದ ಪಂತನಗರ ಮತ್ತು ಜಬಲ್ಪುರದ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಹಳದಿ ಸೋಯಾದ ಪ್ರಯೋಗಗಳು ನಡೆದವು. ಮುಂಗಾರಿನಲ್ಲಿ ಬೀಳು ಬಿಡುತ್ತಿದ್ದ ಮಧ್ಯಪ್ರದೇಶದ ಎರೆ ಹೊಲಗಳಲ್ಲಿ ಅದು ಮೊದಲು ಹರಡಿತು. ಜಬಲ್ಪುರದ ಜೆಎಸ್–335 ತಳಿ 1994ರಲ್ಲಿ ಬಿಡುಗಡೆಯಾದ ಮೇಲೆ ಅದರ ವೇಗ ಹೆಚ್ಚಿತು. ವಿದರ್ಭ, ಮರಾಠವಾಡ ದಾಟಿ ಬೀದರ್ ಜಿಲ್ಲೆಗೆ ಕಾಲಿಟ್ಟಿತು. ಬಸವಕಲ್ಯಾಣದವರ ನೆಂಟಸ್ತನ, ಸಂತೆ, ವ್ಯಾಪಾರ ಎಲ್ಲವೂ ಲಾತೂರು, ಉಮರ್ಗಾಗಳವರೆಗೆ ಚಾಚಿಕೊಂಡಿರುವುದರಿಂದ ಗಡಿಯಾಚೆಯ ಬೆಳೆ ಈಚೆ ಬರಲು ತಡವಾಗಲಿಲ್ಲ. ರೈತ ಸಂಪರ್ಕ ಕೇಂದ್ರಗಳಲ್ಲಿ ಸಹಾಯಧನದ ಬೀಜವೂ ಸಿಕ್ಕಿತು.

ಸೋಯಾ ನೂರು ದಿನದ ಬೆಳೆ. ಹೊಲದಲ್ಲಿ ಎರಡು ದಿನ ನೀರು ನಿಂತರೂ ಉದ್ದಿನಷ್ಟು ಬೇಗ ಕೈಕೊಡುವುದಿಲ್ಲ. ಕೊಯ್ದು ಗುಡ್ಡೆ ಹಾಕಿ ಯಂತ್ರಕ್ಕೆ ಕೊಟ್ಟರೆ ಒಂದು ದಿನದಲ್ಲಿ ರಾಶಿ ಮುಗಿಯುತ್ತದೆ. ದಸರಾ, ದೀಪಾವಳಿಗೆ ರೊಕ್ಕ ಕೈ ಸೇರುತ್ತದೆ. ಎಷ್ಟು ತಂದರೂ ಕೊಳ್ಳುವ ಎಣ್ಣೆ ಗಿರಣಿಗಳು ಲಾತೂರು, ಸೊಲ್ಲಾಪುರದ ಕಡೆ ಇವೆ. ಬೆಲೆಗಿಂತಲೂ ಈ ಖಾತ್ರಿಗೆ ರೈತರು ಸೋಯಾ ಹಿಡಿದರೆಂದು ನನ್ನ ಎಣಿಕೆ. ಈ ಬದಲಾವಣೆಯಲ್ಲಿ ಕಳೆದುಕೊಂಡದ್ದನ್ನೂ ಹೇಳಬೇಕು. ಉದ್ದಿಗೆ, ಹೆಸರಿಗೆ ಭಾವ ಬೀಳುವಾಗ ರೈತ ಎರಡು ಚೀಲ ಮನೆಗೆ ಇಟ್ಟುಕೊಳ್ಳುತ್ತಿದ್ದ. ವರ್ಷವಿಡೀ ಬೇಳೆ ಕೊಳ್ಳುವ ಚಿಂತೆ ಇರಲಿಲ್ಲ. ಸೋಯಾವನ್ನು ಇಲ್ಲಿನ ಒಲೆಯ ಮೇಲೆ ಯಾರೂ ಬೇಯಿಸುವುದಿಲ್ಲ. ಬೆಳೆದದ್ದನ್ನೆಲ್ಲ ಮಾರಲೇಬೇಕು, ಬಂದ ಭಾವಕ್ಕೆ ಮಾರಬೇಕು. ಬೀಜದ ಸಿಪ್ಪೆ ತೆಳು, ಜಾಗ್ರತೆಯಿಂದ ಇಡದಿದ್ದರೆ ಮುಂದಿನ ಮಿರಗಕ್ಕೆ ಮೊಳಕೆ ಬರುವುದಿಲ್ಲ. ಹಾಗಾಗಿ ಬೀಜಕ್ಕೂ ಪೇಟೆಯನ್ನೇ ನೋಡಬೇಕು.

ಆ ಪೇಟೆಯಲ್ಲಿ ನಮ್ಮ ಸ್ಥಾನ ಎಲ್ಲಿದೆ? ಒಂದು ಕ್ವಿಂಟಲ್ ಸೋಯಾ ಅರೆದರೆ ಸುಮಾರು 18 ಕಿಲೋ ಎಣ್ಣೆ, 80 ಕಿಲೋ ಹಿಂಡಿ ಬರುತ್ತದೆ. ಎಣ್ಣೆ ಇಂಡೋನೇಷ್ಯಾ, ಮಲೇಷ್ಯಾದ ತಾಳೆ ಎಣ್ಣೆಯ ಜೊತೆಗೂ ಅರ್ಜೆಂಟೀನಾದ ಸೋಯಾ ಎಣ್ಣೆಯ ಜೊತೆಗೂ ಸೆಣಸಬೇಕು. ಹಿಂಡಿ ಕೋಳಿ ಆಹಾರಕ್ಕೆ ಹೋಗುತ್ತದೆ, ಉಳಿದದ್ದು ರಫ್ತಾಗುತ್ತದೆ. ಬ್ರೆಜಿಲ್‌ನಲ್ಲಿ ಹೆಕ್ಟೇರಿಗೆ ಮೂರು ಟನ್ನಿಗೂ ಹೆಚ್ಚು ಸೋಯಾ ಬೆಳೆದರೆ ಭಾರತದ ಸರಾಸರಿ ಒಂದು ಟನ್ನಿನ ಆಸುಪಾಸಿನಲ್ಲೇ ಇದೆ. ಇಷ್ಟು ಅಂತರವಿದ್ದೂ ಭಾರತದ ಹಿಂಡಿಗೆ ಹೊರದೇಶಗಳಲ್ಲಿ ಗಿರಾಕಿ ಉಳಿದಿರುವುದಕ್ಕೆ ದೊಡ್ಡ ಕಾರಣ, ಇಲ್ಲಿ ಬೆಳೆಯುವುದು ಕುಲಾಂತರಿ ಅಲ್ಲದ ಸೋಯಾ ಎಂಬುದು. ಯುರೋಪಿನ ಕೆಲವು ಖರೀದಿದಾರರು ಅದಕ್ಕೆ ಹೆಚ್ಚು ಕೊಡುತ್ತಾರೆ. ಏಷ್ಯಾದ ನೆರೆದೇಶಗಳಿಗೆ ಸಾಗಣೆಯ ದಾರಿಯೂ ಹತ್ತಿರ.

2021ರ ಮುಂಗಾರಿನ ನಡುವೆ ಸೋಯಾ ಕ್ವಿಂಟಲ್‌ಗೆ 10,000 ರೂಪಾಯಿ ಮುಟ್ಟಿತ್ತು. ಕೋಳಿ ಸಾಕಣೆದಾರರು ಹಿಂಡಿ ದುಬಾರಿಯಾಯಿತೆಂದು ಮೊರೆಯಿಟ್ಟರು. ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಯ ಆಮದಿಗೆ ಒಪ್ಪಿಗೆ ಕೊಟ್ಟಿತು. ಹೊಸ ರಾಶಿ ಪೇಟೆಗೆ ಬರುವಷ್ಟರಲ್ಲಿ ಭಾವ ಇಳಿದಿತ್ತು. 2024ರಲ್ಲಿ ಬೆಂಬಲ ಬೆಲೆ 4,892 ರೂಪಾಯಿ ಇದ್ದರೆ ಪೇಟೆಯ ಭಾವ ಅದಕ್ಕಿಂತ ಕೆಳಗಿತ್ತು. ಆ ಸೆಪ್ಟೆಂಬರ್‌ನಲ್ಲಿ ಕಚ್ಚಾ ಖಾದ್ಯ ತೈಲದ ಮೂಲ ಆಮದು ಸುಂಕವನ್ನು ಶೇ 20ಕ್ಕೆ ಏರಿಸಿದ ಸರ್ಕಾರ, 2025ರ ಮೇ ಕೊನೆಯಲ್ಲಿ, ಬಿತ್ತನೆಗೆ ಕೂರಿಗೆ ಸಜ್ಜಾಗುವ ಹೊತ್ತಿನಲ್ಲಿ, ಅದನ್ನು ಶೇ 10ಕ್ಕೆ ಇಳಿಸಿತು. ಪಟ್ಟಣದ ಮನೆಗೆ ಎಣ್ಣೆ ಅಗ್ಗವಾಗಬೇಕು, ಸರಿ. ಅದರ ಬೆಲೆ ತೆತ್ತವರಲ್ಲಿ ಹಳ್ಳಿಖೇಡ, ಹುಲಸೂರಿನ ಎರಡು–ಮೂರು ಎಕರೆಯವರೂ ಇದ್ದಾರೆ ಎಂಬುದನ್ನು ಯಾರಾದರೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇನ್ನು ತೊಗರಿ. ಇದರ ಕಥೆಯೇ ಬೇರೆ. ತೊಗರಿಯ ತವರು ಭಾರತ. ಜಗತ್ತಿನ ತೊಗರಿಯಲ್ಲಿ ಹತ್ತಿರಹತ್ತಿರ ಮುಕ್ಕಾಲು ಪಾಲು ಬೆಳೆಯುವವರು ನಾವು, ಅದಕ್ಕೂ ಹೆಚ್ಚು ಉಣ್ಣುವವರೂ ನಾವೇ. ಸೋಯಾ ಬೆಳೆಗಾರ ಪರದೇಶದ ಗಿರಾಕಿಯನ್ನು ಹುಡುಕಬೇಕು. ತೊಗರಿ ಬೆಳೆಗಾರನ ಗಿರಾಕಿ ಈ ದೇಶದ ಅಡುಗೆಮನೆಯಲ್ಲೇ ಇದ್ದಾನೆ. ಆ ಗಿರಾಕಿಯ ಬಳಿಗೆ ಹೊರಗಿನ ಬೇಳೆ ಯಾವಾಗ, ಎಷ್ಟು, ಯಾವ ಸುಂಕಕ್ಕೆ ಬರಬೇಕೆಂದು ನಿರ್ಧರಿಸುವುದು ನಮ್ಮದೇ ಸರ್ಕಾರ. ಹಾಗಾಗಿ ತೊಗರಿಯ ಮಟ್ಟಿಗೆ ‘ಅಂತರರಾಷ್ಟ್ರೀಯ ಸ್ಪರ್ಧೆ’ ನಡೆಯುವುದು ನಮ್ಮ ಅಂಗಳದಲ್ಲೇ.

ಬೆಳೆಯ ವಿಜ್ಞಾನವೂ ದೂರದಲ್ಲಿಲ್ಲ. ಹುಮನಾಬಾದಿನಿಂದ ಅದೇ ಹೆದ್ದಾರಿಯಲ್ಲಿ ಜಹೀರಾಬಾದ್ ದಾಟಿ ಹೈದರಾಬಾದ್ ಕಡೆ ನಡೆದರೆ ಪಟಾನ್‌ಚೆರುವಿನಲ್ಲಿ ಇಕ್ರಿಸ್ಯಾಟ್ ಸಿಗುತ್ತದೆ. 1972ರಲ್ಲಿ ಒಣಭೂಮಿಯ ಬೆಳೆಗಳಿಗಾಗಿ ಹುಟ್ಟಿದ ಈ ಅಂತರರಾಷ್ಟ್ರೀಯ ಸಂಸ್ಥೆ ನೆಟೆ ರೋಗ ತಡೆಯುವ ತೊಗರಿಯನ್ನು ಆಯ್ದು ಕೊಟ್ಟಿತು. ಅದು 1980ರ ದಶಕದಲ್ಲಿ ‘ಮಾರುತಿ’ ಎಂಬ ಹೆಸರಿನಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾಗಿ ಈ ಸೀಮೆಯ ತೊಗರಿಯನ್ನು ಉಳಿಸಿತು. ಆಮೇಲೆ ‘ಆಶಾ’ ಬಂತು, ಮರಾಠವಾಡದ ಬಿಎಸ್‌ಎಂಆರ್–736 ಬಂತು, ಟಿಎಸ್–3ಆರ್ ಬಂತು. ರೋಗವೂ ಸುಮ್ಮನಿರಲಿಲ್ಲ, 2022ರ ಕೊನೆಗೆ ಕಲಬುರಗಿ, ಬೀದರ್ ಜಿಲ್ಲೆಗಳಲ್ಲಿ ಹೂ–ಕಾಯಿ ಹಂತದ ತೊಗರಿ ನೆಟೆಗೆ ಸಿಕ್ಕು ಹೊಲಗಟ್ಟಲೆ ಒಣಗಿತು. ಇದೇ ಇಕ್ರಿಸ್ಯಾಟ್ ಪೂರ್ವ ಆಫ್ರಿಕಾಕ್ಕೂ ರೋಗ ತಡೆಯುವ ತಳಿಗಳನ್ನು ಕೊಟ್ಟಿದೆ. ಐಸಿಇಎಪಿ 00040 ಎಂಬ ತಳಿ ತಾಂಜಾನಿಯಾ, ಮಲಾವಿ, ಮೊಜಾಂಬಿಕ್‌ಗಳಲ್ಲಿ ಬಿಡುಗಡೆಯಾಯಿತು. ಒಣಭೂಮಿಯ ಬಡವರ ಸಂಸ್ಥೆ ಎರಡೂ ಕಡೆಯ ಬಡವರಿಗೆ ದುಡಿದಿದೆ, ಅದರಲ್ಲಿ ತಪ್ಪೇನಿಲ್ಲ. ಮೊಜಾಂಬಿಕ್‌ನ ಜಾಂಬೇಜಿಯಾ, ನಾಂಪುಲಾ ಪ್ರಾಂತಗಳಲ್ಲಿ ತೊಗರಿ ಬೆಳೆಯುವವರೂ ತುಂಡು ಹೊಲದ, ಮಳೆಯನ್ನೇ ನೆಚ್ಚಿದ ರೈತರು. ಅವರ ತೊಗರಿಯ ಬಹುಪಾಲು ಹಡಗು ಹತ್ತಿ ಭಾರತಕ್ಕೇ ಬರುತ್ತದೆ.

ಈ ಆಮದು ದೊಡ್ಡ ಪ್ರಮಾಣಕ್ಕೆ ಬೆಳೆದದ್ದು ಈಚಿನ ಹತ್ತು ವರ್ಷಗಳಲ್ಲಿ. 2014, 2015ರ ಮಳೆ ಕೈಕೊಟ್ಟು, 2015ರ ಅಕ್ಟೋಬರ್ ಹೊತ್ತಿಗೆ ಚಿಲ್ಲರೆ ಅಂಗಡಿಯಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ತಲುಪಿತು. ರೈತರು ಮರುವರ್ಷ ಎಲ್ಲೆಲ್ಲೂ ತೊಗರಿ ಬಿತ್ತಿದರು. 2016ರ ಜುಲೈನಲ್ಲಿ ಪ್ರಧಾನಿ ಮೊಜಾಂಬಿಕ್‌ಗೆ ಹೋದಾಗ ತೊಗರಿ ಖರೀದಿಯ ಒಪ್ಪಂದವೂ ಆಯಿತು: ಮೊದಲ ವರ್ಷ ಒಂದು ಲಕ್ಷ ಟನ್, ಐದು ವರ್ಷದಲ್ಲಿ ಎರಡು ಲಕ್ಷ ಟನ್. ಆ ವರ್ಷ ಮಳೆ ಚೆನ್ನಾಗಿ ಬಂತು. 2015–16ರಲ್ಲಿ 25.6 ಲಕ್ಷ ಟನ್ ಇದ್ದ ದೇಶದ ಫಸಲು 2016–17ರಲ್ಲಿ 48.7 ಲಕ್ಷ ಟನ್ನಿಗೆ ಏರಿತು. ಅದರ ಮೇಲೆ ಸುಮಾರು 7 ಲಕ್ಷ ಟನ್ ಆಮದು. ಭಾವ ನೆಲ ಕಚ್ಚಿತು. ಕೇಂದ್ರದ 5,050 ರೂಪಾಯಿ ಬೆಂಬಲ ಬೆಲೆಗೆ ರಾಜ್ಯ 450 ಸೇರಿಸಿ 5,500ಕ್ಕೆ ಖರೀದಿ ನಡೆಸಿತು. ಖರೀದಿ ಕೇಂದ್ರಗಳ ಮುಂದೆ ಟ್ರ್ಯಾಕ್ಟರ್‌ಗಳ ಸಾಲು, ಗೋಣಿಚೀಲಕ್ಕೆ ಕಾಯುವುದು, ರೊಕ್ಕಕ್ಕೆ ಕಾಯುವುದು ಈ ಕಡೆಯ ರೈತರ ನೆನಪಿನಲ್ಲಿ ಇನ್ನೂ ಹಸಿ. ಕಾಯಲಾರದವರು ಸಿಕ್ಕ ಭಾವಕ್ಕೆ ಅಡತ್ ಅಂಗಡಿಯಲ್ಲಿ ಸುರಿದು ಬಂದರು.

2017ರ ಆಗಸ್ಟ್‌ನಲ್ಲಿ ಸರ್ಕಾರ ತೊಗರಿ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ನಿನ ಮಿತಿ ಹಾಕಿತು. 2006ರಿಂದ ಇದ್ದ ರಫ್ತು ನಿಷೇಧವನ್ನೂ ಆ ವರ್ಷವೇ ತೆಗೆಯಿತು. ಹನ್ನೊಂದು ವರ್ಷ ಮುಚ್ಚಿದ್ದ ಆ ಬಾಗಿಲಿಂದ ಆದ ನಷ್ಟ ಕಣ್ಣಿಗೆ ಕಾಣುವಂಥದ್ದಲ್ಲ. ಭಾವ ಏರುವಾಗ ಹೊರಗೆ ಮಾರಲು ಬಿಡದೆ, ಇಳಿಯುವಾಗ ಹೊರಗಿನಿಂದ ತರಿಸಿದರೆ ತೊಗರಿಯವನಿಗೆ ಒಳ್ಳೆಯ ವರ್ಷ ಎಂಬುದೇ ಇರುವುದಿಲ್ಲ. ಕೊಲ್ಲಿ ದೇಶಗಳಲ್ಲಿ, ಅಮೆರಿಕದಲ್ಲಿ ಇರುವ ನಮ್ಮವರು ಬೇಳೆ ಕೊಳ್ಳುತ್ತಿದ್ದರು. ಅವರ ಅಂಗಡಿಗೆ ನಮ್ಮ ಹೆಸರಿನ ಬೇಳೆ ಹೋಗುವ ದಾರಿ ಆಗ ಕಟ್ಟಿಕೊಳ್ಳಲಿಲ್ಲ. ‘ಗುಲ್ಬರ್ಗಾ ತೊಗರಿ ಬೇಳೆ’ಗೆ ಭೌಗೋಳಿಕ ಗುರುತು ಸಿಕ್ಕಿದ್ದು 2019ರಲ್ಲಿ, ಬಹಳ ತಡವಾಗಿ.

ಆಮದಿಗೆ ಮಿತಿ ಬಿದ್ದಾಗ ಮೊಜಾಂಬಿಕ್‌ನಲ್ಲಿ ಭಾವ ಪಾತಾಳಕ್ಕೆ ಇಳಿಯಿತು. ಒಪ್ಪಂದವಿದೆ ಎಂದು ನಂಬಿ ಹೆಚ್ಚು ಬಿತ್ತಿದ ಅಲ್ಲಿನ ರೈತರೂ ಸೋತರು. ಇದನ್ನು ಓದಿದಾಗ ನನಗೆ ಎದುರಾಳಿಯನ್ನು ಗೆದ್ದ ಭಾವನೆ ಬರಲಿಲ್ಲ, ಸಂಕಟವಾಯಿತು. ಸಾಗರದ ಎರಡು ದಡದಲ್ಲಿ ಒಂದೇ ಗಿಡ ನೆಚ್ಚಿಕೊಂಡವರು ಒಂದೇ ಕಚೇರಿಯ ಕಾಗದಕ್ಕೆ ತಲೆಬಾಗಬೇಕಾಯಿತು.

2021ರ ಮೇ 15ರಂದು ಚಕ್ರ ಮತ್ತೆ ತಿರುಗಿತು. ತೊಗರಿ, ಉದ್ದು, ಹೆಸರಿನ ಆಮದು ಮುಕ್ತವಾಯಿತು. ಮಲಾವಿಯಿಂದ ವರ್ಷಕ್ಕೆ 50,000 ಟನ್, ಮ್ಯಾನ್ಮಾರ್‌ನಿಂದ ಒಂದು ಲಕ್ಷ ಟನ್ ತೊಗರಿಗೆ ಐದು ವರ್ಷದ ಒಪ್ಪಂದಗಳಾದವು. ನೆಟೆ ಮತ್ತು ಬರದಿಂದ ಫಸಲು ಕುಗ್ಗಿದ 2023ರಲ್ಲಿ ಭಾವ 10,000 ದಾಟಿತು. ಜೂನ್‌ನಲ್ಲೇ ವ್ಯಾಪಾರಿಗಳ ದಾಸ್ತಾನಿಗೆ ಮಿತಿ ಬಿತ್ತು. ವರ್ಷದ ಕೊನೆಗೆ ಮೊಜಾಂಬಿಕ್‌ನ ನಕಾಲಾ ಬಂದರಿನಲ್ಲಿ ರಫ್ತುದಾರರ ವ್ಯಾಜ್ಯದಿಂದ ಸರಕು ಸಿಕ್ಕಿಕೊಂಡಾಗ ಇಲ್ಲಿನ ಪೇಟೆಯೂ ಅಲುಗಿತು. ಆಫ್ರಿಕಾದ ತೊಗರಿ ಸೆಪ್ಟೆಂಬರ್–ನವೆಂಬರ್‌ನಲ್ಲಿ ಬಂದಿಳಿಯುತ್ತದೆ, ನಮ್ಮ ರಾಶಿ ಡಿಸೆಂಬರ್–ಜನವರಿಯಲ್ಲಿ. ಹೀಗೆ ನಮ್ಮವರ ಚೀಲ ಪೇಟೆ ಮುಟ್ಟುವ ಮೊದಲೇ ಭಾವ ನಿಗದಿಯಾಗಿರುತ್ತದೆ. 2024–25ರಲ್ಲಿ ಆಮದು 12 ಲಕ್ಷ ಟನ್ ದಾಟಿತು. 2025ರ ಜನವರಿಯಲ್ಲಿ ರಾಜ್ಯ ಮತ್ತೆ 450 ರೂಪಾಯಿ ಸೇರಿಸಿ, 7,550ರ ಬೆಂಬಲ ಬೆಲೆಯನ್ನು 8,000 ಮಾಡಿತು; ಅದೇ ತಿಂಗಳು ಕೇಂದ್ರ ಸುಂಕರಹಿತ ಆಮದನ್ನು 2026ರ ಮಾರ್ಚ್ 31ರವರೆಗೆ ವಿಸ್ತರಿಸಿತು.

ಇಳುವರಿ ಹೆಚ್ಚಿಸಬೇಕು, ನೆಟೆಗೆ ಬಗ್ಗದ ತಳಿ ಬರಬೇಕು, ಬೇಳೆ ಒಡೆಯುವ ಕೆಲಸ ತಾಲ್ಲೂಕಿನಲ್ಲೇ ನಡೆದು ಲಾಭದ ಪಾಲು ಇಲ್ಲೇ ಉಳಿಯಬೇಕು, ಇವೆಲ್ಲ ನಿಜ. ಆದರೆ ಬೆಳೆಗಾರ ಹೊಸ ತಳಿಗೆ, ಹನಿ ನೀರಾವರಿಗೆ, ಗೋದಾಮಿಗೆ ರೊಕ್ಕ ಹಾಕುವುದು ಮುಂದಿನ ನಾಲ್ಕು ವರ್ಷದ ಭಾವದ ಮೇಲೆ ಒಂದಿಷ್ಟು ನಂಬಿಕೆ ಇದ್ದಾಗ. ಮೊಜಾಂಬಿಕ್‌ಗೆ, ಮಲಾವಿಗೆ ನಮ್ಮ ಸರ್ಕಾರ ಐದು ವರ್ಷದ ಮಾತು ಕೊಟ್ಟಿತು. ಹುಮನಾಬಾದ್, ಬಸವಕಲ್ಯಾಣದ ರೈತನಿಗೆ ಬಹುಕಾಲ ಸಿಕ್ಕದ್ದು ಒಂದೊಂದು ಹಂಗಾಮಿನ ಮಾತು. 2025ರ ಅಕ್ಟೋಬರ್‌ನಲ್ಲಿ ಶುರುವಾದ ಬೇಳೆಕಾಳು ಆತ್ಮನಿರ್ಭರತಾ ಮಿಷನ್, ತೊಗರಿ, ಉದ್ದು, ಮಸೂರ ಬೆಳೆದು ನೋಂದಾಯಿಸಿದವರಿಂದ ನಾಲ್ಕು ವರ್ಷ ಬೆಂಬಲ ಬೆಲೆಗೆ ಪೂರ್ತಿ ಖರೀದಿಸುವುದಾಗಿ ಹೇಳಿದೆ. ಮನೆಯ ಬೆಳೆಗಾರನಿಗೆ ಹಲವು ವರ್ಷಗಳ ಮಾತು ಸಿಕ್ಕಿದ್ದು ಇದರಲ್ಲಿ. ಅದು ನಡೆಯುತ್ತದೋ ಇಲ್ಲವೋ ಎಂದು ಗೊತ್ತಾಗುವುದು ಪಿಕೆಪಿಎಸ್ (ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ) ಖರೀದಿ ಕೇಂದ್ರಗಳಲ್ಲಿ: ರಾಶಿಯ ಹೊತ್ತಿಗೆ ಬಾಗಿಲು ತೆರೆದಿದೆಯೇ, ಚೀಲ ಬಂದಿವೆಯೇ, ತೂಕವಾದ ವಾರದೊಳಗೆ ರೊಕ್ಕ ಖಾತೆಗೆ ಜಮೆಯಾಗಿದೆಯೇ ಎಂಬುದರಲ್ಲಿ.