ನಿಮಗಿದು ಗೊತ್ತೆ? ರೈಲು ನಿಲ್ಲಿಸಿದವರೇ ರೈಲ್ವೆ ಸಚಿವ!

ಜಾರ್ಜ್ ಫರ್ನಾಂಡಿಸ್ ಮಂಗಳೂರಿನಲ್ಲಿ ಹುಟ್ಟಿದ್ದು 1930ರ ಜೂನ್ 3ರಂದು. ದೊರೆ ಐದನೇ ಜಾರ್ಜ್ ಹುಟ್ಟಿದ ತಾರೀಖೂ ಅದೇ. ಹಾಗಾಗಿ ತಾಯಿ ಮಗನಿಗೆ ದೊರೆಯ ಹೆಸರನ್ನೇ ಇಟ್ಟರು. ಮಗ ಮಾತ್ರ ದೊರೆಗಳ ದಾರಿ ಹಿಡಿಯಲಿಲ್ಲ!

ಪಾದ್ರಿಯಾಗಲೆಂದು ಬೆಂಗಳೂರಿನ ಸೆಮಿನರಿಗೆ ಸೇರಿದರೂ, ಅಲ್ಲಿ ಗುರುಗಳಿಗೊಂದು ಊಟ, ಕಲಿಯುವವರಿಗೊಂದು ಊಟ ಎಂಬ ಭೇದ ಸಹಿಸದೆ ಹೊರಬಂದರು. 1949ರಲ್ಲಿ ಮುಂಬೈ ಸೇರಿ, ಚೌಪಾಟಿಯಲ್ಲಿ ಮಲಗಿ ದಿನ ಕಳೆದ ಈ ಹುಡುಗನೇ ಮುಂದೆ ಟ್ಯಾಕ್ಸಿ ಚಾಲಕರ, ನಗರಪಾಲಿಕೆ ಕಾರ್ಮಿಕರ ನಾಯಕ. 1967ರ ಲೋಕಸಭಾ ಚುನಾವಣೆಯಲ್ಲಿ ಅವರು ಮಣಿಸಿದ್ದು ಮುಂಬೈಯ ಕಾಂಗ್ರೆಸ್ ಧಣಿ ಎಸ್.ಕೆ. ಪಾಟೀಲರನ್ನು.

1974ರ ಮೇ 8ರಂದು ಆರಂಭವಾದ ರೈಲ್ವೆ ಮುಷ್ಕರದಲ್ಲಿ ಸುಮಾರು 17 ಲಕ್ಷ ನೌಕರರು ಕೆಲಸ ಬಿಟ್ಟರು. ಮುಂದಾಳು ಜಾರ್ಜ್. ತುರ್ತು ಪರಿಸ್ಥಿತಿಯಲ್ಲಿ ಬಂಧನ. 1977ರಲ್ಲಿ ಜೈಲಿನಿಂದಲೇ ಸ್ಪರ್ಧಿಸಿ ಬಿಹಾರದ ಮುಜಫ್ಫರಪುರದಲ್ಲಿ 3 ಲಕ್ಷಕ್ಕೂ ಹೆಚ್ಚು ಮತಗಳ ಅಂತರದ ಗೆಲುವು. 1989ರಲ್ಲಿ ಅದೇ ರೈಲ್ವೆಗೆ ಸಚಿವರಾದರು. ಅವರ ಒತ್ತಾಸೆಯಿಂದ ಆರಂಭವಾದ ಕೊಂಕಣ ರೈಲು ಮಾರ್ಗ 1998ರಲ್ಲಿ ಮುಂಬೈ, ಮಂಗಳೂರುಗಳನ್ನು ಬೆಸೆಯಿತು.

ಬಿಹಾರ ಕೈಹಿಡಿದರೂ ತವರು ರಾಜ್ಯ ಕೈಬಿಟ್ಟಿತೆನ್ನಿ. 1984ರಲ್ಲಿ ಬೆಂಗಳೂರು ಉತ್ತರದಲ್ಲಿ ಅವರು ಸೋತರು. ಸೋಲಿಸಿದ ಸಿ.ಕೆ. ಜಾಫರ್ ಷರೀಫ್ ಕೂಡ 1991ರಲ್ಲಿ ರೈಲ್ವೆ ಸಚಿವರಾದರು!