ಕುರ್ಲಾದಲ್ಲಿ ಹುಟ್ಟಿದ ಪದ್ಮಿನಿ
ರೇಮಂಡ್ ಕಂಪನಿಯ ಗೌತಮ್ ಸಿಂಘಾನಿಯಾ ಅವರ ವ್ಯಾಪಾರ ಬಟ್ಟೆಯದು, ಹುಚ್ಚು ಕಾರಿನದು. ಫೆರಾರಿ, ಲ್ಯಾಂಬೋರ್ಗಿನಿಗಳನ್ನು ಕೊಂಡಿದ್ದಲ್ಲದೆ ‘ಸೂಪರ್ ಕಾರ್ ಕ್ಲಬ್’ ಕಟ್ಟಿದವರೂ ಅವರೇ. ಊರಲ್ಲಿ ಮದುವೆಗೆಂದು ರೇಮಂಡ್ ಸೂಟ್ ಹೊಲಿಸಿದ ನಮ್ಮಂಥವರ ದುಡ್ಡೂ ಆ ಗ್ಯಾರೇಜಿನಲ್ಲಿ ಒಂದು ನಟ್ಟು-ಬೋಲ್ಟಿನಷ್ಟಾದರೂ ಇದ್ದೀತು!

ನಾನಿರುವ ಕುರ್ಲಾ ಮಾತ್ರ ಮಧ್ಯಮ ವರ್ಗದ ಕಾರಿನ ತವರು. ಈಗ ಕೋಹಿನೂರ್ ಸಿಟಿ ಎದ್ದಿರುವಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆಯಿತ್ತು. 1964ರಲ್ಲಿ ಫಿಯೆಟ್ 1100 ಡಿಲೈಟ್ ಎಂದು ಬಂದ ಕಾರೇ ಮುಂದೆ ಪದ್ಮಿನಿಯಾಯಿತು, ಮುಂಬೈಯನ್ನು ಹೊತ್ತು ತಿರುಗಿದ ಕಪ್ಪು-ಹಳದಿ ಟ್ಯಾಕ್ಸಿಯಾಯಿತು. 20 ವರ್ಷದ ಮಿತಿ ಮುಗಿದು, 2023ರ ಅಕ್ಟೋಬರ್ 30ರಿಂದ ಆ ಟ್ಯಾಕ್ಸಿಗಳು ರಸ್ತೆಯಿಂದ ಮರೆಯಾದವು.

ಫೆರಾರಿ ಜೋಪಾನ ಮಾಡಲು ಜಗತ್ತಿನ ತುಂಬ ಸಿರಿವಂತರಿದ್ದಾರೆ. ಅವರಲ್ಲೊಬ್ಬರು ಮೀಟರ್, ಕ್ಯಾರಿಯರ್ ಸಮೇತ ಒಂದು ಪದ್ಮಿನಿಯನ್ನು ಕುರ್ಲಾದಲ್ಲೇ ನಿಲ್ಲಿಸಿದರೆ, ಮಗಳನ್ನು ಕರೆದೊಯ್ದು ತೋರಿಸುತ್ತೇನೆ.